ಮಳೆಗಾಲ ದಾಟುವ ಹಾಗೆ ಫೋಟೋ ಎತ್ತಿಡುವುದು ಹೇಗೆ?

ಹೋದ ಆಷಾಢದಲ್ಲಿ ಸಾಗರದ ಹತ್ತಿರ ಇರುವ ಸೋದರತ್ತೆ ಮನೆಗೆ ಹೋಗಿದ್ದೆ. ಹೊರಗೆ ಪುನರ್ವಸು ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು, ಕರೆಂಟು ಬರೋದು ಹೋಗೋದು ಮಾಡುತ್ತಿತ್ತು. ಊಟ ಆದ ಮೇಲೆ ಅತ್ತೆ ಕಬ್ಬಿಣದ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದ ಒಂದು ಸಿ.ಡಿ. ತೆಗೆದುಕೊಂಡು ಬಂದರು. 2007ರಲ್ಲಿ ಆದ ಮಗಳ ಮದುವೆಯದು. "ಇದ್ರಲ್ಲಿರೋದನ್ನೆಲ್ಲ ನನ್ನ ಮೊಬೈಲಿಗೆ ಹಾಕ್ಕೊಡೋ ಮಾರಾಯ" ಅಂದರು.

ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇರುವುದಿಲ್ಲ, ಅಲ್ವಾ. ಮಾರನೇ ದಿನ ಪೇಟೆಗೆ ಹೋಗಿ ಯುಎಸ್‌ಬಿಗೆ ಚುಚ್ಚುವ ಒಂದು ಡ್ರೈವ್ ತಂದು ಹಾಕಿ ನೋಡಿದೆ. ಫೋಲ್ಡರಿನಲ್ಲಿ 312 ಫೋಟೋಗಳ ಹೆಸರು ಕಾಣಿಸಿತು, ತೆರೆದುಕೊಂಡಿದ್ದು 90 ಚಿಲ್ಲರೆ. ಕೆಲವು ಅರ್ಧಂಬರ್ಧ. ಮೇಲೆ ಮಂಟಪದ ತೋರಣ, ಕೆಳಗೆ ಬರೀ ಬೂದು ಬಣ್ಣ, ಮದುಮಗಳು ಎಲ್ಲಿ ಕೂತಿದ್ದಳೋ ಅಲ್ಲಿ ಏನೂ ಇಲ್ಲ. ಸಿ.ಡಿ.ಯನ್ನು ಹೊರಗೆ ತೆಗೆದು ಟ್ಯೂಬ್‌ಲೈಟಿಗೆ ಹಿಡಿದೆ. ಅದರ ಮೇಲೆ ಯಾರೋ ಬಾಲ್‌ಪೆನ್ನಿನಲ್ಲಿ ಒತ್ತಿ ಒತ್ತಿ "ಶುಭವಿವಾಹ" ಅಂತ ಬರೆದಿದ್ದರು. ಆ ಅಕ್ಷರಗಳು ಇದ್ದ ಜಾಗದಲ್ಲೆಲ್ಲ ಬೆಳಕು ಆ ಕಡೆಯಿಂದ ಈ ಕಡೆಗೆ ಬರುತ್ತಿತ್ತು. ಸುತ್ತ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ತೂತು.

ಸಿ.ಡಿ.ಯಲ್ಲಿ ಫೋಟೋ ಇರುವುದು ಕೆಳಗಿನ ಹೊಳೆಯುವ ಪ್ಲಾಸ್ಟಿಕ್ಕಿನಲ್ಲಿ ಅಂತ ಎಲ್ಲರೂ ತಿಳಿದಿರುತ್ತೇವೆ, ಅದಕ್ಕೇ ಆ ಬದಿಯನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತೇವೆ. ನಿಜವಾಗಿ ಅದು ಇರುವುದು ಮೇಲ್ಗಡೆ, ನಾವು ಹೆಸರು ಬರೆಯುವ ಬದಿಯ ಕೆಳಗೇ. ಲೇಸರ್ ಬರೆಯುವ ಬಣ್ಣದ ಒಂದು ಪದರ, ಅದರ ಮೇಲೆ ಬೆಳ್ಳಿಯಂಥ ತೆಳು ಲೋಹದ ಪದರ, ಅದರ ಮೇಲೆ ವಾರ್ನಿಷ್ ಥರದ ಒಂದು ಲೇಪ. ಅಷ್ಟೇ. ಬಾಲ್‌ಪೆನ್ ಒತ್ತಿದರೆ ಅದು ನೇರವಾಗಿ ಫೋಟೋ ಮೇಲೇ ಒತ್ತಿದ ಹಾಗೆ. ಅಂಚಿನಿಂದ ತೇವ ಹೊಕ್ಕರೆ ಲೋಹ ಕೆಡುತ್ತದೆ, ಬಿಸಿಲಿಗೆ ಇಟ್ಟರೆ ಬಣ್ಣ ಕೆಡುತ್ತದೆ. ಡಿ.ವಿ.ಡಿ.ಯಲ್ಲಿ ಈ ಪದರ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಇರುವುದರಿಂದ ಸ್ವಲ್ಪ ವಾಸಿ, ಆದರೆ ಬಣ್ಣ ಅದರಲ್ಲೂ ಬಣ್ಣವೇ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಸಿ.ಡಿ. ಇದ್ದರೆ ಈ ಬರಹ ಓದಿ ಮುಗಿಸುವ ಮೊದಲು ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ಯಾವುದು ಬಾಳಿಕೆ ಬರುತ್ತದೆ ಅನ್ನುವ ಪ್ರಶ್ನೆ

ಎಲ್ಲರೂ ಕೇಳುವುದು ಇದೇ. ಹಾರ್ಡ್ ಡಿಸ್ಕ್ ತಗೊಳ್ಳಲಾ, ಪೆನ್‌ಡ್ರೈವ್ ಸಾಕಾ, ಗೂಗಲ್‌ಗೆ ಹಾಕಿ ಸುಮ್ನೆ ಇರಲಾ? ನನ್ನ ಉತ್ತರ ಯಾರಿಗೂ ಇಷ್ಟ ಆಗುವುದಿಲ್ಲ. ಒಂದು ಸಲ ಕೊಂಡು ಇಟ್ಟು ಮರೆತುಬಿಡಬಹುದಾದ ವಸ್ತು ನಮ್ಮ ಬಜೆಟ್ಟಿನಲ್ಲಿ, ನಮ್ಮ ಹವೆಯಲ್ಲಿ ಇಲ್ಲ. ಹಂಚಿನ ಮನೆಯನ್ನೇ ನೋಡಿ. ಮಂಗಳೂರು ಹಂಚು ಗಟ್ಟಿ ನಿಜ, ಹಾಗಂತ ಮಳೆ ಹಿಡಿಯುವ ಮೊದಲು ಒಮ್ಮೆ ಮೇಲೆ ಹತ್ತಿ ಹಂಚು ಕೈಯಾಡಿಸದೆ ಬಿಡುತ್ತೇವಾ? ಮಂಗ ಹಾರಿ ಒಂದು ಒಡೆದಿರುತ್ತದೆ, ಇನ್ನೊಂದು ಜಾರಿರುತ್ತದೆ. ಫೋಟೋ ಎತ್ತಿಡುವುದೂ ಇದೇ ಥರದ ಕೆಲಸ. ಯಾವ ಡಿಸ್ಕ್ ಅನ್ನುವುದು ಅರ್ಧ ಮಾತು, ಅದನ್ನು ಯಾವಾಗ ನೋಡುತ್ತೀರಿ ಮತ್ತು ಯಾವಾಗ ಬದಲಾಯಿಸುತ್ತೀರಿ ಅನ್ನುವುದು ಇನ್ನರ್ಧ.

ಕೆಳದಿಯ ವಸ್ತುಸಂಗ್ರಹಾಲಯಕ್ಕೆ ಹೋದವರು ತಾಳೆಗರಿಗಳನ್ನು ನೋಡಿರುತ್ತೀರಿ. ತಾಳೆಗರಿ ಗಟ್ಟಿ ಅಂತಲೇ ನಮ್ಮ ಹಿಂದಿನವರ ಬರಹ ಉಳಿಯಿತು ಅಂದುಕೊಂಡರೆ ಪೂರ್ತಿ ಸರಿ ಅಲ್ಲ. ಗರಿಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ ಇಡುತ್ತಿದ್ದರು, ಹಳೆಯದು ಪುಡಿಯಾಗುವ ಮೊದಲು ಇನ್ನೊಬ್ಬರು ಕೂತು ಹೊಸ ಗರಿಗೆ ಇಳಿಸುತ್ತಿದ್ದರು. ಅವರ ಪಾಲಿಗೆ ಅದು ತಿಂಗಳುಗಟ್ಟಲೆ ಕೂತು ಕಂಟದಲ್ಲಿ, ಅಂದರೆ ಚೂಪು ಕಬ್ಬಿಣದ ಕಡ್ಡಿಯಲ್ಲಿ ಕೊರೆಯುವ ಕೆಲಸ. ನಮಗೆ ಒಂದು ರಾತ್ರಿ ಕೇಬಲ್ ಚುಚ್ಚಿಟ್ಟು ಮಲಗಿದರೆ ಆಯಿತು. ಆದರೂ ಮಾಡುವುದಿಲ್ಲ!

ಮೊದಲು ಎಷ್ಟು ಇದೆ ನೋಡಿ

ಮೊಬೈಲಿನ ಒಂದು ಫೋಟೋ ಸಾಮಾನ್ಯವಾಗಿ 3ರಿಂದ 5 ಎಂಬಿ ಇರುತ್ತದೆ. 1 ಲಕ್ಷ ಫೋಟೋ ಅಂದರೆ ಸುಮಾರು 400 ಜಿಬಿ. ಇದನ್ನು 700 ಎಂಬಿ ಹಿಡಿಯುವ ಸಿ.ಡಿ.ಗೆ ಹಾಕಲು ಹೋದರೆ 570ಕ್ಕೂ ಜಾಸ್ತಿ ಸಿ.ಡಿ. ಬೇಕು. 4.7 ಜಿಬಿಯ ಡಿ.ವಿ.ಡಿ. ಆದರೆ 86, 25 ಜಿಬಿಯ ಬ್ಲೂ-ರೇ ಆದರೆ 16. ಹಾರ್ಡ್ ಡಿಸ್ಕಿನಲ್ಲಾದರೆ 1 ಟಿಬಿಯ ಒಂದರಲ್ಲಿ ಅರ್ಧ ಜಾಗವೂ ತುಂಬುವುದಿಲ್ಲ.

ಆದ್ದರಿಂದ ಎಲ್ಲವನ್ನೂ ಒಂದೇ ಥರ ಎತ್ತಿಡಲು ಹೋಗಬೇಡಿ. ನಾನು ಎರಡು ಫೋಲ್ಡರ್ ಮಾಡಿಕೊಂಡಿದ್ದೇನೆ. ಒಂದರ ಹೆಸರು "ಎಲ್ಲ", ಇನ್ನೊಂದರ ಹೆಸರು "ಆಯ್ದದ್ದು". "ಎಲ್ಲ" ಫೋಲ್ಡರಿನಲ್ಲಿ ಎಲ್ಲವೂ ಇರುತ್ತದೆ, ತೋಟದ ಗೊನೆ, ನಾಯಿಮರಿ, ಮಸುಕಾದ ಸೂರ್ಯಾಸ್ತ, ಸಾಗರದ ಮಾರಿಜಾತ್ರೆಯಲ್ಲಿ ತೆಗೆದ ಒಂದೇ ಥರದ 60 ಫೋಟೋ. ಆಯ್ದದ್ದರಲ್ಲಿ ಮನೆಯವರು ಮುಂದೆ ಹುಡುಕಬಹುದಾದವು ಮಾತ್ರ. ಇಪ್ಪತ್ತು ವರ್ಷದಿಂದ ಒಟ್ಟು ಮಾಡಿದ್ದರಲ್ಲಿ ಆಯ್ದು ಹಾಕಿದರೆ ನನಗೆ ಸಿಕ್ಕಿದ್ದು ಸುಮಾರು 2,000 ಫೋಟೋ, 8 ಜಿಬಿ. ಎರಡು ಡಿ.ವಿ.ಡಿ.ಯಲ್ಲಿ ಮುಗಿದುಹೋಯಿತು. "ಎಲ್ಲ" ಹಾರ್ಡ್ ಡಿಸ್ಕಿಗೆ ಹೋಗುತ್ತದೆ, "ಆಯ್ದದ್ದು" ಹಾರ್ಡ್ ಡಿಸ್ಕಿಗೂ ಹೋಗುತ್ತದೆ, ಅದರ ಜೊತೆಗೆ ಜಾಸ್ತಿ ಬಾಳಿಕೆಯ, ಜಾಸ್ತಿ ದುಡ್ಡಿನ ಜಾಗಗಳಿಗೂ ಹೋಗುತ್ತದೆ.

ಒಂದು ಎಚ್ಚರಿಕೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೋ ಹಿಂಡಿ ತೆಗೆದ ಕಬ್ಬಿನ ಜಲ್ಲೆ ಇದ್ದ ಹಾಗೆ. ಮೊಬೈಲಿನಲ್ಲಿ ಚೆನ್ನಾಗೇ ಕಾಣುತ್ತದೆ, ಪ್ರಿಂಟ್ ಹಾಕಿಸಿದಾಗ ಬಣ್ಣ ಬಯಲಾಗುತ್ತದೆ. ತೆಗೆದವರ ಹತ್ತಿರ ಮೂಲ ಫೈಲನ್ನೇ ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ. ಮದುವೆ ಫೋಟೋ ಆದರೆ ಸ್ಟುಡಿಯೋದವರ ಹತ್ತಿರ ಆಲ್ಬಂ ಜೊತೆಗೆ ಮೂಲ ಫೈಲುಗಳನ್ನೂ ದುಡ್ಡು ಕೊಡುವ ದಿನವೇ ಕೇಳಿ ತೆಗೆದುಕೊಳ್ಳಿ, ಆಮೇಲೆ ಅವರ ಕಂಪ್ಯೂಟರಿನಲ್ಲೂ ಜಾಗ ಖಾಲಿ ಮಾಡಿರುತ್ತಾರೆ.

ಒಂದೊಂದಾಗಿ ನೋಡೋಣ

ಹಾರ್ಡ್ ಡಿಸ್ಕ್, ಅಂದರೆ ಒಳಗೆ ತಟ್ಟೆ ತಿರುಗುವ ಹಳೇ ಥರದ್ದು. ಮನೆ ಮಟ್ಟಿಗೆ ಈಗಲೂ ಇದೇ ಸರಿ. ಒಂದು ಜಿಬಿಗೆ ಬೀಳುವ ದುಡ್ಡು ಕಡಿಮೆ, ಯಾವ ಕಂಪ್ಯೂಟರಿಗೆ ಬೇಕಾದರೂ ಹಾಕಬಹುದು. ಬ್ಯಾಕ್‌ಬ್ಲೇಜ್ ಅಂತ ಅಮೆರಿಕದ ಒಂದು ಕಂಪನಿ ಲಕ್ಷಗಟ್ಟಲೆ ಡಿಸ್ಕ್‌ಗಳನ್ನು ಓಡಿಸುತ್ತದೆ, ಎಷ್ಟು ಕೆಟ್ಟವು ಅನ್ನುವ ಲೆಕ್ಕವನ್ನು ಹೊರಗೆ ಕೊಡುತ್ತದೆ. ಅದರ ಪ್ರಕಾರ ವರ್ಷಕ್ಕೆ 100ರಲ್ಲಿ ಒಂದೋ ಎರಡೋ ಕೆಡುತ್ತವೆ. ಅಷ್ಟೇನಾ ಅಂತ ಖುಷಿ ಪಡಬೇಡಿ, ಅವು ತಂಪು ಕೋಣೆಯಲ್ಲಿ, ಅಲುಗದೆ ಕೂತಿರುವ ಡಿಸ್ಕ್‌ಗಳು. ನಮ್ಮದು ಬಸ್ಸಿನಲ್ಲಿ ಬ್ಯಾಗಿನೊಳಗೆ ಬಂದು, ಮೇಜಿನಿಂದ ಒಮ್ಮೆ ಬಿದ್ದು, ಮೂರು ತಿಂಗಳ ಮಳೆ ಕುಡಿದದ್ದು. ಐದು ವರ್ಷಕ್ಕೆ ಬದಲಾಯಿಸಿ, ಚೆನ್ನಾಗಿ ಓಡುತ್ತಿದ್ದರೂ ಬದಲಾಯಿಸಿ. ಹಳೆಯದನ್ನು ಎಸೆಯುವುದು ಬೇಡ, ಹೆಚ್ಚುವರಿ ಕಾಪಿ ಅಂತ ಇರಲಿ. ವರ್ಷಗಟ್ಟಲೆ ಓಡಿಸದೆ ಇಟ್ಟರೂ ಒಳಗಿನ ತಿರುಗುವ ಭಾಗ ಕಚ್ಚಿಕೊಳ್ಳಬಹುದು, ಹಾಗಾಗಿ ವರ್ಷಕ್ಕೆ ಎರಡು ಸಲವಾದರೂ ಚುಚ್ಚಿ ಓಡಿಸಬೇಕು.

ಎರಡು ಡಿಸ್ಕ್ ತೆಗೆದುಕೊಳ್ಳುವಾಗ ಬೇರೆ ಬೇರೆ ಕಂಪನಿಯದ್ದು ತೆಗೆದುಕೊಳ್ಳಿ. ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಮಾಡೆಲ್ ಎರಡು ತಂದರೆ ತಯಾರಿಕೆಯಲ್ಲಿ ಇರುವ ತಪ್ಪು ಎರಡರಲ್ಲೂ ಇರಬಹುದು, ಎರಡೂ ಜೊತೆಯಾಗಿ ಕೈ ಕೊಡಬಹುದು.

ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆ ಇಲ್ಲದೆ ಬರೀ ಚಿಪ್ಪಿನಲ್ಲಿ ಬರೆದಿಡುವ ಡಿಸ್ಕ್, ಇದರ ಬಗ್ಗೆ ಜನರಿಗೆ ಒಂದು ಭ್ರಮೆ ಇದೆ. ಬಿದ್ದರೆ ಒಡೆಯುವುದಿಲ್ಲ, ಸದ್ದಿಲ್ಲ, ಜೋರಾಗಿ ಓಡುತ್ತದೆ, ಆದ್ದರಿಂದ ಬಾಳಿಕೆಯೂ ಜಾಸ್ತಿ ಅಂತ. ಕೆಲಸಕ್ಕೆ ಬಹಳ ಚೆನ್ನ, ಒಪ್ಪಿದೆ. ಎತ್ತಿಡುವುದಕ್ಕೆ ಅಲ್ಲ. ಅದರಲ್ಲಿ ಫೋಟೋ ಇರುವುದು ಸಣ್ಣ ಸಣ್ಣ ಕೋಶಗಳಲ್ಲಿ ಹಿಡಿದಿಟ್ಟ ಕರೆಂಟಿನ ರೂಪದಲ್ಲಿ, ಕರೆಂಟು ಕೊಡದೆ ಇಟ್ಟರೆ ಅದು ನಿಧಾನಕ್ಕೆ ಸೋರುತ್ತದೆ. ಈ ಉದ್ಯಮಕ್ಕೆ ಮಾನದಂಡ ಮಾಡುವ ಜೆಡೆಕ್ ಸಂಸ್ಥೆ ಮನೆ ಬಳಕೆಯ ಎಸ್‌ಎಸ್‌ಡಿಗೆ ಇಟ್ಟಿರುವ ಕನಿಷ್ಠ ಲೆಕ್ಕ ಏನು ಅಂದರೆ, ಬರೆದು ಬರೆದು ಆಯಸ್ಸು ಮುಗಿಯುವ ಹಂತಕ್ಕೆ ಬಂದದ್ದು 30 ಡಿಗ್ರಿ ಬಿಸಿಯಲ್ಲಿ ಕರೆಂಟಿಲ್ಲದೆ ಒಂದು ವರ್ಷ ಹಿಡಿದಿಟ್ಟುಕೊಂಡರೆ ಪಾಸು. ಹೊಸದು ಇದಕ್ಕಿಂತ ಎಷ್ಟೋ ಜಾಸ್ತಿ ತಡೆಯುತ್ತದೆ, ಸುಳ್ಳಲ್ಲ. ಆದರೂ ಬೀರುವಿನಲ್ಲಿ ಹತ್ತು ವರ್ಷ ಇಟ್ಟು ತೆಗೆಯುವ ವಸ್ತು ಇದಲ್ಲ.

ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಇವೆರಡೂ ಅದೇ ಜಾತಿಯ ಕಡಿಮೆ ದರ್ಜೆಯ ಚಿಪ್ಪುಗಳು. ಸ್ಟುಡಿಯೋದಿಂದ ಮನೆಗೆ ಸಾಗಿಸಲು ಸಾಕು. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ "2 ಟಿಬಿ ಪೆನ್‌ಡ್ರೈವ್" ಅಂತ ಬರುತ್ತದಲ್ಲ, ಅದು ಪೂರಾ ಮೋಸ. ಒಳಗೆ 32 ಜಿಬಿಯದೋ ಇನ್ಯಾವುದೋ ಸಣ್ಣ ಚಿಪ್ ಇರುತ್ತದೆ, ಕಂಪ್ಯೂಟರಿಗೆ 2 ಟಿಬಿ ಅಂತ ಸುಳ್ಳು ಹೇಳುತ್ತದೆ, ತುಂಬಿದ ಮೇಲೆ ಹಳೆಯದರ ಮೇಲೇ ಬರೆಯುತ್ತಾ ಹೋಗುತ್ತದೆ. ಫೈಲಿನ ಹೆಸರುಗಳೆಲ್ಲ ಕಾಣುತ್ತವೆ, ಒಳಗೆ ಗಾಳಿ. ಅನುಮಾನ ಬಂದರೆ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಅನ್ನುವ ಉಚಿತ ತಂತ್ರಾಂಶ ಹಾಕಿ ಪೂರ್ತಿ ತುಂಬಿಸಿ ಪರೀಕ್ಷೆ ಮಾಡಿ.

ಎಂ-ಡಿಸ್ಕ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನೋಡಲು ಡಿ.ವಿ.ಡಿ. ಅಥವಾ ಬ್ಲೂ-ರೇ ಥರವೇ ಇರುತ್ತದೆ, ಆದರೆ ಬರೆಯುವ ಪದರ ಬಣ್ಣದ್ದಲ್ಲ, ಕಲ್ಲಿನ ಗುಣದ ವಸ್ತು. ಲೇಸರ್ ಅದರ ಮೇಲೆ ನಿಜವಾಗಿಯೂ ಗುಂಡಿ ತೋಡುತ್ತದೆ, ಶಾಸನ ಕೆತ್ತಿದ ಹಾಗೆ ಅನ್ನಿ. ಇದನ್ನು ತಂದ ಮಿಲೆನಿಯಾಟಾ ಕಂಪನಿ 1,000 ವರ್ಷ ಅಂತ ಹೇಳಿಕೊಂಡಿತು. ಕಾದು ನೋಡಿದವರು ಯಾರೂ ಇಲ್ಲ, ಹಾಗಾಗಿ ಆ ಸಂಖ್ಯೆಯನ್ನು ಅಲ್ಲಿಗೇ ಬಿಡಿ. ಆದರೆ 2009ರಲ್ಲಿ ಅಮೆರಿಕದ ನೌಕಾಪಡೆಯ ಚೈನಾ ಲೇಕ್ ಕೇಂದ್ರದಲ್ಲಿ 85 ಡಿಗ್ರಿ ಬಿಸಿ, ಶೇ 85 ತೇವಾಂಶ, ಜೊತೆಗೆ ಜೋರು ಬೆಳಕು ಇವೆಲ್ಲದರಲ್ಲಿ ಇಟ್ಟು ಪರೀಕ್ಷೆ ಮಾಡಿದಾಗ ಬೇರೆ ಡಿ.ವಿ.ಡಿ.ಗಳು ಕೆಟ್ಟವು, ಇದು ಉಳಿಯಿತು. ಶೇ 85 ತೇವಾಂಶ ಅಂದರೆ ನಮಗೇನು, ಜುಲೈ ತಿಂಗಳ ಒಂದು ಸಾಮಾನ್ಯ ಮಂಗಳವಾರ!

ತೊಡಕು ಬೇರೆ ಕಡೆ ಇದೆ. ಮಿಲೆನಿಯಾಟಾ 2016ರಲ್ಲಿ ದಿವಾಳಿಯಾಯಿತು, ಡಿಸ್ಕ್ ಮಾತ್ರ ಬೇರೆ ಕಂಪನಿಗಳ ಹೆಸರಿನಲ್ಲಿ ಬರುತ್ತಿದೆ. ಸೋನಿ 2025ರ ಫೆಬ್ರವರಿಯಲ್ಲಿ ಬರೆಯುವ ಬ್ಲೂ-ರೇ ಡಿಸ್ಕ್ ತಯಾರಿಕೆ ನಿಲ್ಲಿಸಿತು. ಡಿಸ್ಕ್ ನೂರು ವರ್ಷ ಉಳಿದರೂ ಓದುವ ಯಂತ್ರ ಸಿಗಬೇಕಲ್ಲ. ನಾನು ಮಾಡಿರುವುದು ಇಷ್ಟು. "ಆಯ್ದದ್ದು" ಫೋಲ್ಡರನ್ನು ಎಂ-ಡಿಸ್ಕ್ ಡಿ.ವಿ.ಡಿ.ಗೆ ಬರೆದಿದ್ದೇನೆ, ಅದನ್ನು ಓದಲು ಮಾಮೂಲಿ ಡಿ.ವಿ.ಡಿ. ಡ್ರೈವ್ ಸಾಕು, ಬರೆಯಲು ಮಾತ್ರ ಎಂ-ಡಿಸ್ಕ್ ಗುರುತು ಇರುವ ರೈಟರ್ ಬೇಕು. ಆ ಡ್ರೈವನ್ನೂ ಡಿಸ್ಕ್ ಜೊತೆಗೇ ಎತ್ತಿಟ್ಟಿದ್ದೇನೆ. ಮಾಮೂಲಿ ಬ್ಲೂ-ರೇ ಕೊಳ್ಳುವವರು ಪೊಟ್ಟಣದ ಮೇಲೆ "ಎಲ್‌ಟಿಎಚ್" ಅಂತ ಇದ್ದರೆ ಬಿಟ್ಟುಬಿಡಿ, ಅದು ಮತ್ತೆ ಬಣ್ಣದ ಪದರದ್ದೇ. ಮೇಲೆ ಸ್ಟಿಕ್ಕರ್ ಅಂಟಿಸಬೇಡಿ, ಬಾಲ್‌ಪೆನ್ ಮುಟ್ಟಿಸಬೇಡಿ, ನೀರಿನ ಮಸಿಯ ಮಾರ್ಕರಿನಲ್ಲಿ ಮಧ್ಯದ ತೂತಿನ ಸುತ್ತ ಇರುವ ಪಾರದರ್ಶಕ ಜಾಗದಲ್ಲಿ ಬರೆಯಿರಿ.

ಟೇಪು ಅಂದರೆ ಎಲ್‌ಟಿಒ, ಹಾಡಿನ ಕ್ಯಾಸೆಟ್ಟಿನ ಥರ ಫೈಲುಗಳನ್ನು ಬರೆದಿಡುವ ಟೇಪು. ಬ್ಯಾಂಕು, ಟೀವಿಯವರು ಬಳಸುವುದು ಇದನ್ನೇ, 30 ವರ್ಷ ಅಂತ ಲೆಕ್ಕ ಕೊಡುತ್ತಾರೆ. ಟೇಪು ಅಗ್ಗ, ಓದುವ ಯಂತ್ರಕ್ಕೆ ಲಕ್ಷಗಳು. ಮನೆಯವರು ಮರೆತುಬಿಡಿ.

ಇನ್ನು ಕ್ಲೌಡ್, ಅಂದರೆ ಇಂಟರ್ನೆಟ್ಟಿನ ಮೂಲಕ ಯಾವುದೋ ಕಂಪನಿಯ ಕಂಪ್ಯೂಟರಿನಲ್ಲಿ ಇಡುವುದು. ಗೂಗಲ್ ಫೋಟೋಸ್ 2021ರ ಜೂನ್ 1ರವರೆಗೆ ಸ್ವಲ್ಪ ಹಿಂಡಿದ ಫೋಟೋಗಳನ್ನು ಲೆಕ್ಕವಿಲ್ಲದಷ್ಟು ಪುಕ್ಕಟೆ ಇಟ್ಟುಕೊಳ್ಳುತ್ತಿತ್ತು, ಆಮೇಲೆ ಮೇಲ್, ಡ್ರೈವ್ ಎಲ್ಲ ಸೇರಿ 15 ಜಿಬಿ. ಅದರ ಮೇಲೆ ಬೇಕಾದರೆ ದುಡ್ಡು ಕಟ್ಟಬೇಕು, ಕಟ್ಟುತ್ತಲೇ ಇರಬೇಕು. ನಾನು ಕಟ್ಟುತ್ತೇನೆ, ಬೇಡ ಅನ್ನುವುದಿಲ್ಲ. ಆದರೆ ಇದೊಂದನ್ನೇ ನಂಬಿ ಕೂರಬೇಡಿ. ಮೊಬೈಲಿನ ಗೂಗಲ್ ಫೋಟೋಸಿನಲ್ಲಿ ಅಳಿಸಿದರೆ ಅಲ್ಲಿಯೂ ಅಳಿಸುತ್ತದೆ, 60 ದಿನ ಕಸದ ಬುಟ್ಟಿಯಲ್ಲಿ ಇದ್ದು ಆಮೇಲೆ ಹೋಗುತ್ತದೆ. ಎರಡು ವರ್ಷ ಯಾರೂ ತೆರೆಯದ ಖಾತೆಯನ್ನು ಗೂಗಲ್ ಅಳಿಸಬಹುದು ಅನ್ನುವ ನಿಯಮವೂ 2023ರಲ್ಲಿ ಬಂದಿದೆ. ಖಾತೆಯವರು ತೀರಿಕೊಂಡರೆ ಪಾಸ್‌ವರ್ಡ್ ಯಾರಿಗೆ ಗೊತ್ತು? ಅದಕ್ಕೆ ಖಾತೆಯ ಸೆಟ್ಟಿಂಗಿನಲ್ಲಿ ನಿಷ್ಕ್ರಿಯ ಖಾತೆಯ ನಿರ್ವಾಹಕ ಅಂತ ಒಂದು ಜಾಗ ಇದೆ, ಅಲ್ಲಿ ಮನೆಯವರೊಬ್ಬರ ಹೆಸರು ಹಾಕಿಡಿ. ಇವತ್ತೇ ಆಗುವ ಕೆಲಸ, ಹತ್ತು ನಿಮಿಷ ಸಾಕು.

ಹಳ್ಳಿಯಲ್ಲಿ ಇರುವವರಿಗೆ ಇನ್ನೊಂದು ಲೆಕ್ಕ. ಅಪ್‌ಲೋಡ್ ವೇಗ 10 ಎಂಬಿಪಿಎಸ್ ಇದ್ದರೆ 400 ಜಿಬಿ ಮೇಲೆ ಹೋಗಲು ಬಿಡದೆ ಓಡಿಸಿದರೂ ಹತ್ತಿರ ಹತ್ತಿರ ನಾಲ್ಕು ದಿನ. ನೆಟ್‌ವರ್ಕಿಗೆ ಗುಡ್ಡ ಹತ್ತುವ ಊರಾದರೆ ಹೇಳುವುದೇ ಬೇಡ.

ಥಂಡಿ ಮತ್ತು ಸಿಡಿಲು

ಬೇರೆ ಊರಿನವರು ಬರೆದ ಸಲಹೆಗಳಲ್ಲಿ "ತಂಪಾದ, ಒಣ ಜಾಗದಲ್ಲಿಡಿ" ಅಂತ ಇರುತ್ತದೆ. ಓದಿ ನಗು ಬರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ, ಒಣ ಜಾಗ ಎಲ್ಲಿಂದ ತರೋಣ? ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಗೋಡೆಗೆ ಆನಿಸಿದ ಆಲ್ಬಮ್ಮಿಗೂ ಬೂಷ್ಟು. ಸಾಮಾನ್ಯವಾಗಿ ಗಾಳಿಯ ತೇವಾಂಶ ಶೇ 65 ದಾಟಿದರೆ ಬೂಷ್ಟು ಬೆಳೆಯುತ್ತದೆ. ಅತ್ತೆ ಮನೆಯ ಬೀರುವಿನಲ್ಲಿ ತೇವಾಂಶ ಅಳೆಯುವ ಸಣ್ಣ ಮೀಟರ್ ಇಟ್ಟೆ, ಬೆಳಿಗ್ಗೆ ನೋಡಿದರೆ 88.

ಹಾಗಾಗಿ ಒಣ ಜಾಗವನ್ನು ನಾವೇ ಮಾಡಿಕೊಳ್ಳಬೇಕು, ಅದೇನು ದೊಡ್ಡ ಕೆಲಸ ಅಲ್ಲ. ಮಲೆನಾಡಿನ ಹೆಂಗಸರು ಹಪ್ಪಳ, ಸಂಡಿಗೆಯನ್ನು ಮಳೆಗಾಲ ಪೂರ್ತಿ ಗರಿಗರಿಯಾಗಿ ಇಡುವುದಿಲ್ಲವಾ? ಅದೇ ವಿದ್ಯೆ. ಮುಚ್ಚಳಕ್ಕೆ ರಬ್ಬರಿನ ಬಳೆ ಇರುವ, ನಾಲ್ಕು ಕಡೆ ಕ್ಲಿಪ್ ಹಾಕುವ ಡಬ್ಬಿ ತೆಗೆದುಕೊಳ್ಳಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಬೂಟಿನ ಡಬ್ಬಿಯಲ್ಲಿ ಸಿಗುವ ಒಂದು ಚಿಕ್ಕದಲ್ಲ, ಕಾಲು ಕೆಜಿ. ಒದ್ದೆಯಾದಾಗ ಬಣ್ಣ ಬದಲಾಗುವ ಜಾತಿ ಕೊಳ್ಳಿ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಅದು ವಿಷ, ಕೇಸರಿ ಬಣ್ಣದ್ದೇ ಇರಲಿ. ಬಣ್ಣ ಬದಲಾದರೆ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿ ಮಾಡಿದರೆ ಮತ್ತೆ ಒಣಗುತ್ತದೆ. ಒಳಗೊಂದು ತೇವಾಂಶದ ಮೀಟರ್ ಇಡಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಶೇ 40ರ ಆಚೀಚೆ ಇದ್ದರೆ ನಿಶ್ಚಿಂತೆ. ಅಕ್ಕಿಯಲ್ಲಿ ಹುಗಿದಿಡುವವರು ಇದ್ದಾರೆ, ಮಳೆಗಾಲದ ಅಕ್ಕಿಯೇ ಥಂಡಿ ಹೀರಿರುತ್ತದೆ, ಜೊತೆಗೆ ಧೂಳು, ನುಸಿ. ಬೇಡ.

ಡಬ್ಬಿಯನ್ನು ಅಟ್ಟದಲ್ಲಿ ಹಂಚಿನ ಕೆಳಗೆ ಇಡಬೇಡಿ, ಏಪ್ರಿಲ್‌ನಲ್ಲಿ ಅಲ್ಲಿ ಕಾದು ಕೆಂಡ. ಅಡಿಕೆ ಒಣಗಿಸುವ ಜಾಗ ಬೆಚ್ಚಗಿದೆ ಅಂತ ಅಲ್ಲಿಟ್ಟರೆ ಹೊಗೆ. ಮನೆಯ ಒಳಗಿನ ಕೋಣೆ, ನೆಲದಿಂದ ಮೇಲೆ, ಹೊರಗೋಡೆಗೆ ತಾಗದ ಹಾಗೆ.

ಸಿಡಿಲಿನ ಪಾಠ ನನಗೆ ದುಬಾರಿಯಾಗಿ ಆಯಿತು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಹಾರ್ಡ್ ಡಿಸ್ಕನ್ನು ಸದಾ ಕಂಪ್ಯೂಟರಿಗೆ ಚುಚ್ಚಿಯೇ ಇಟ್ಟಿದ್ದೆ, ತೆಗೆದು ಹಾಕಿ ಮಾಡುವ ರಗಳೆ ಯಾಕೆ ಅಂತ. ಒಂದು ಮೇ ತಿಂಗಳ ಸಂಜೆ ಮಳೆ ಇನ್ನೂ ಶುರುವಾಗಿರಲಿಲ್ಲ, ಬರೀ ಗುಡುಗು. ತೋಟದಾಚೆ ಎಲ್ಲೋ ಹೊಡೆಯಿತು. ರೂಟರ್, ಟೀವಿ, ಕಂಪ್ಯೂಟರು, ಅದಕ್ಕೆ ಚುಚ್ಚಿದ್ದ ಡಿಸ್ಕು ಎಲ್ಲ ಒಟ್ಟಿಗೆ ಹೋದವು. ಯುಪಿಎಸ್ ಇತ್ತು, ಅದೂ ಹೋಯಿತು. ತಮ್ಮ ಬೆಂಗಳೂರಿನಲ್ಲಿ ಒಂದಷ್ಟನ್ನು ಇಟ್ಟುಕೊಂಡಿದ್ದಕ್ಕೆ ಅಷ್ಟಾದರೂ ಉಳಿಯಿತು. ಈಗ ಕಾಪಿ ಮುಗಿದ ಕೂಡಲೇ ತೆಗೆದು ಡಬ್ಬಿಗೆ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಬಂದರೂ ಚುಚ್ಚಿಟ್ಟ ಡಿಸ್ಕಿಗೆ ಇದೇ ಗತಿ.

ಪೀಟರ್ ಕ್ರೋಗ್ ಅನ್ನುವ ಅಮೆರಿಕದ ಫೋಟೋಗ್ರಾಫರ್ ಜನಪ್ರಿಯ ಮಾಡಿದ 3-2-1 ಅನ್ನುವ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಮೂರು ಕಾಪಿ, ಎರಡು ಬೇರೆ ಬೇರೆ ಥರದ ವಸ್ತುವಿನಲ್ಲಿ, ಒಂದು ಬೇರೆ ಊರಿನಲ್ಲಿ. ಬೇರೆ ಊರು ಅನ್ನುವುದು ನಮಗೆ ಕಷ್ಟವೇ ಅಲ್ಲ, ಮಲೆನಾಡಿನ ಯಾವ ಮನೆಯಲ್ಲಿ ಬೆಂಗಳೂರು ಸೇರಿದ ಒಬ್ಬ ಮಗನೋ ಮಗಳೋ ಇಲ್ಲ ಹೇಳಿ! ದೀಪಾವಳಿಗೆ ಬಂದಾಗ ಅವರ ಹತ್ತಿರ ಇರುವ ಡಿಸ್ಕ್ ತರಲಿ, ಮನೆಯಲ್ಲಿ ಇರುವ ಹೊಸ ಕಾಪಿ ತೆಗೆದುಕೊಂಡು ಹೋಗಲಿ. ಉಪ್ಪಿನಕಾಯಿ ಬಾಟ್ಲಿ ಜೊತೆಗೆ ಒಂದೇ ಚೀಲದಲ್ಲಿ ಮಾತ್ರ ಹಾಕಿ ಕಳಿಸಬೇಡಿ.

ಕಾಪಿ ಮಾಡುವುದು, ತಾಳೆ ನೋಡುವುದು

ಕಾಪಿ ಆಯಿತು ಅಂದರೆ ಸರಿಯಾಗಿ ಆಯಿತು ಅಂತ ಅಲ್ಲ. ಪ್ರತಿ ಫೈಲಿಗೂ ಬೆರಳಚ್ಚಿನ ಥರ ಒಂದು ಗುರುತಿನ ಸಂಖ್ಯೆ ಲೆಕ್ಕ ಹಾಕಬಹುದು, ಅದಕ್ಕೆ ಚೆಕ್‌ಸಮ್ ಅನ್ನುತ್ತಾರೆ. ಫೈಲಿನಲ್ಲಿ ಒಂದೇ ಒಂದು ಚುಕ್ಕೆ ಬದಲಾದರೂ ಸಂಖ್ಯೆ ಪೂರಾ ಬೇರೆಯಾಗುತ್ತದೆ. ವಿಂಡೋಸ್ ಇರುವವರು ಟೆರಾಕಾಪಿ ಅನ್ನುವ ತಂತ್ರಾಂಶ ಹಾಕಿಕೊಂಡು, ಅದರಲ್ಲಿ ಕಾಪಿ ಆದ ಮೇಲೆ ಪರಿಶೀಲಿಸುವ ಆಯ್ಕೆಗೆ ಗುರುತು ಹಾಕಿದರೆ ಮೂಲ ಮತ್ತು ಕಾಪಿ ಎರಡನ್ನೂ ಅದೇ ತಾಳೆ ನೋಡುತ್ತದೆ. ಲಿನಕ್ಸ್‌ನವರಿಗೆ ಎಸ್‌ಎಚ್‌ಎ-256 ಸಮ್ ಗೊತ್ತೇ ಇರುತ್ತದೆ, ಆ ಪಟ್ಟಿಯನ್ನು ಒಂದು ಟೆಕ್ಸ್ಟ್ ಫೈಲಿನಲ್ಲಿ ಫೋಟೋಗಳ ಜೊತೆಗೇ ಇಟ್ಟರೆ ಮುಂದಿನ ವರ್ಷ ಯಾವುದಾದರೂ ಕೆಟ್ಟಿದೆಯಾ ಅಂತ ಒಂದೇ ಸಲಕ್ಕೆ ಗೊತ್ತಾಗುತ್ತದೆ.

ಡಿಸ್ಕ್ ಫಾರ್ಮ್ಯಾಟ್ ಮಾಡುವಾಗ ಎಕ್ಸ್‌ಫ್ಯಾಟ್ ಅನ್ನುವ ಮಾದರಿ ಆರಿಸಿ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ತೆರೆಯುತ್ತದೆ. ಫೋಟೋ ಜೆಪೆಗ್‌ನಲ್ಲಿ ಇರಲಿ, 1992ರಿಂದ ಇರುವ ಮಾದರಿ, ಇದನ್ನು ತೆರೆಯಲಾಗದ ಕಂಪ್ಯೂಟರ್ ಸದ್ಯಕ್ಕಂತೂ ಬರುವುದಿಲ್ಲ. ಐಫೋನಿನವರು ಅದರ ಹೀಕ್ (HEIC) ಮಾದರಿಯ ಫೈಲಿನ ಜೊತೆಗೆ ಜೆಪೆಗ್ ಕಾಪಿಯನ್ನೂ ಇಡಿ. ಫೋಲ್ಡರಿನ ಹೆಸರು ವರ್ಷ, ತಿಂಗಳು, ಸಂದರ್ಭ, ಹೀಗಿರಲಿ. ಫೋಟೋದಲ್ಲಿ ಯಾರಿದ್ದಾರೆ ಅನ್ನುವುದನ್ನು ಗೊತ್ತಿರುವ ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ಎಡದಿಂದ ಮೂರನೆಯವರು ಯಾರು ಅಂತ ಯಾವ ಡಿಸ್ಕೂ ಹೇಳುವುದಿಲ್ಲ.

ನೋಡುವುದು ಯಾವಾಗ? ನಾನು ಎರಡು ದಿನ ಇಟ್ಟುಕೊಂಡಿದ್ದೇನೆ. ಒಂದು ಹಂಚು ಕೈಯಾಡಿಸುವ ವಾರ, ಮಳೆಗೆ ಮುಂಚೆ. ಇನ್ನೊಂದು ಆಯುಧಪೂಜೆ. ಅವತ್ತು ಬೈಕು, ಕಾರು, ಮರ ಕತ್ತರಿಸುವ ಮಿಷನ್ನು ಎಲ್ಲ ತೊಳೆದು ಹೂವು ಇಡುತ್ತೇವಲ್ಲ, ಹಾಗೇ ಡಿಸ್ಕನ್ನೂ ಹೊರಗೆ ತೆಗೆದು ಚುಚ್ಚಿ, ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ತಂತ್ರಾಂಶದಲ್ಲಿ ಅದರ ಆರೋಗ್ಯ ನೋಡುತ್ತೇನೆ. ನೀಲಿ ಇದ್ದರೆ ಸರಿ, ಹಳದಿ ಬಂದರೆ ಅದೇ ವಾರ ಹೊಸ ಡಿಸ್ಕ್. ಕುಂಕುಮ ಡಬ್ಬಿಗೆ ಹಚ್ಚಿ, ಕೇಬಲ್ ಚುಚ್ಚುವ ತೂತಿಗಲ್ಲ.

ಕಾಗದವನ್ನು ಮರೆಯಬೇಡಿ

ಅತ್ತೆ ಮನೆಯ ಜಗಲಿಯಲ್ಲಿ ಒಂದು ಕಪ್ಪು-ಬಿಳುಪು ಫೋಟೋ ಇದೆ. ಸೋಗೆ ಹೊದಿಸಿದ ಮನೆ, ಮುಂದೆ ಸಾಲಾಗಿ ನಿಂತ ಹದಿನಾಲ್ಕು ಜನ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತಲ್ಲ, ಆ ಮುಳುಗಡೆಗೆ ಮುಂಚಿನ ಮನೆ. ಈಗ ಮನೆ ಶರಾವತಿಯ ನೀರಿನಡಿ ಇದೆ, ಫೋಟೋ ಮಾತ್ರ ಕೈಯಲ್ಲಿದೆ. ಅರವತ್ತು ಮಳೆಗಾಲ ದಾಟಿಯೂ ಮುಖಗಳು ಸ್ಪಷ್ಟ. ಅದರ ಪಕ್ಕದ ಗೋಡೆಯಲ್ಲಿ ಎಂಬತ್ತರ ದಶಕದ ಕಲರ್ ಫೋಟೋಗಳು, ಎಲ್ಲ ಕೆಂಪಗೆ ತಿರುಗಿವೆ, ಆ ಕಾಲದ ಕಲರ್ ಕಾಗದದಲ್ಲಿ ನೀಲಿ-ಹಸಿರು ಛಾಯೆಯ ಬಣ್ಣ ಬೇಗ ಹೋಗುತ್ತಿತ್ತು. ಕಪ್ಪು-ಬಿಳುಪಿನ ಚಿತ್ರ ನಿಂತಿರುವುದು ಬೆಳ್ಳಿಯ ಕಣದ ಮೇಲೆ, ಅದಕ್ಕೇ ಉಳಿದಿದೆ.

ಆದರೆ ಥಂಡಿಗೆ ಅದು ಫ್ರೇಮಿನ ಗಾಜಿಗೆ ಒಂದು ಮೂಲೆಯಲ್ಲಿ ಅಂಟಿಕೊಂಡಿದೆ. ಇಂಥದ್ದನ್ನು ಎಳೆದು ಬಿಡಿಸಲು ಹೋಗಬೇಡಿ, ಚಿತ್ರವೇ ಗಾಜಿನ ಮೇಲೆ ಉಳಿದುಬಿಡುತ್ತದೆ. ಮಬ್ಬು ಬೆಳಕಿನ ದಿನ, ಕಿಟಕಿಯ ಪಕ್ಕ ಇಟ್ಟು, ಗಾಜಿನಲ್ಲಿ ಪ್ರತಿಬಿಂಬ ಬೀಳದ ಹಾಗೆ ಕ್ಯಾಮೆರಾದ ಸುತ್ತ ಕಪ್ಪು ಬಟ್ಟೆ ಹಿಡಿದು ಗಾಜಿನ ಮೇಲಿಂದಲೇ ಫೋಟೋ ತೆಗೆಯಿರಿ. ನಾನು ಅತ್ತೆಯ ಕಪ್ಪು ಕೊಡೆ ಹಿಡಿಸಿದ್ದೆ, ಚೆನ್ನಾಗೇ ಬಂತು. ಹೊಸದಾಗಿ ಫ್ರೇಮ್ ಹಾಕಿಸುವಾಗ ಗಾಜಿಗೂ ಫೋಟೋಗೂ ನಡುವೆ ರಟ್ಟಿನ ಅಂಚು ಕೊಡಿಸಿ. ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಮುಚ್ಚುವ ಆಲ್ಬಂ ಬೇಡವೇ ಬೇಡ. ನೆಗೆಟಿವ್ ಇದ್ದರೆ ಮೂಸಿ ನೋಡಿ, ವಿನೆಗರ್ ಥರ ಹುಳಿ ವಾಸನೆ ಬಂದರೆ ಅದು ಕೆಡಲು ಶುರುವಾಗಿದೆ ಅಂತ. ಬೇರೆಯವುಗಳಿಂದ ದೂರ ಇಟ್ಟು ಮೊದಲು ಅದನ್ನೇ ಸ್ಕ್ಯಾನ್ ಮಾಡಿಸಿ.

ವರ್ಷಕ್ಕೆ ಐವತ್ತು ಫೋಟೋವನ್ನು ಒಳ್ಳೆಯ ಲ್ಯಾಬಿನಲ್ಲಿ, ಸಿಲ್ವರ್ ಹಾಲೈಡ್ ಅನ್ನುವ ಬೆಳ್ಳಿ ಲವಣದ ಫೋಟೋ ಕಾಗದದ ಮೇಲೆ ಹಾಕಿಸಿ, ಹಿಂದೆ ಮೆತ್ತನೆ ಪೆನ್ಸಿಲ್ಲಿನಲ್ಲಿ ಹೆಸರು ಬರೆದು ಅದೇ ಡಬ್ಬಿಯಲ್ಲಿ ಇಡಿ. ಕರೆಂಟು ಬೇಡ, ಕೇಬಲ್ ಬೇಡ, ಪಾಸ್‌ವರ್ಡ್ ಬೇಡ.

ಅತ್ತೆ ಕೊಟ್ಟ ಮಗಳ ಮದುವೆ ಸಿ.ಡಿ.ಯಿಂದ ಬಟ್ಟೆಯಲ್ಲಿ ಒರೆಸಿ, ಇನ್ನೊಂದು ಡ್ರೈವಿನಲ್ಲಿ ಹಾಕಿ, ರಾತ್ರಿಯಿಡೀ ಓದಿಸಿ ಕೊನೆಗೆ 141 ಫೋಟೋ ಹೊರಗೆ ಬಂದವು. ಉಳಿದವನ್ನು ಆಲ್ಬಮ್ಮಿನಿಂದ ಸ್ಕ್ಯಾನ್ ಮಾಡಿದ್ದೇನೆ, ಧಾರೆಯದು ಮಾತ್ರ ಎಲ್ಲೂ ಇಲ್ಲ, ಬೀಗರ ಮನೆಯವರ ಹತ್ತಿರ ಇದೆಯಂತೆ, ನೋಡಬೇಕು. ಎಲ್ಲವನ್ನೂ ಹಾಕಿದ ಎರಡು ಹಾರ್ಡ್ ಡಿಸ್ಕ್‌ನಲ್ಲಿ ಒಂದನ್ನು ಅತ್ತೆಯ ಮಗಳು ಬೆಂಗಳೂರಿಗೆ ಒಯ್ದಳು. ಇನ್ನೊಂದು, ಎಂ-ಡಿಸ್ಕ್ ಸಮೇತ, ಅತ್ತೆಯ ದೊಡ್ಡ ಹಪ್ಪಳದ ಡಬ್ಬಿಯಲ್ಲಿದೆ. ನೆಂಟರು ಬಂದಾಗ ಯಾರೋ ಕರಿಯಲು ಅಂತ ಅದನ್ನೇ ಅಡುಗೆಮನೆಗೆ ಒಯ್ದರಂತೆ. ಮೊನ್ನೆ ಹೋದಾಗ ನೋಡಿದೆ, ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ಚೀಟಿ ಅಂಟಿಸಿದ್ದಾರೆ: "ಫೋಟೋ. ಹಪ್ಪಳ ಅಲ್ಲ."